ಕ್ರೀಡೆಯ ಕಾಲಂ

ನಮ್ಮ ಕಡೆ ಹುಡುಗನೊಬ್ಬ ಆಟವಾಡುವುದಿಲ್ಲ ಎಂದರೆ ಕೇಳಿದವರು ಮೊದಲು ಅವನ ಕಾಲು ನೋಡುತ್ತಾರೆ. ಕಾಲು ಸರಿ ಉಂಟು ಎಂದು ಗೊತ್ತಾದ ಮೇಲೆ ತಾಯಿಯ ಮುಖ ನೋಡುತ್ತಾರೆ. ಬಂಟ್ವಾಳದಿಂದ ಬೆಳ್ತಂಗಡಿಗೆ, ಅಲ್ಲಿಂದ ಗುರುವಾಯನಕೆರೆ, ವೇಣೂರಿನ ಮೇಲೆ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಎಲ್ಲಿ ಬಸ್ಸಿಳಿದರೂ ಒಂದು ಬ್ಯಾನರ್ ಕಟ್ಟಿರುತ್ತದೆ. ಹೊನಲು ಬೆಳಕಿನ ಕಬಡ್ಡಿ, ಅದಲ್ಲದಿದ್ದರೆ ವಾಲಿಬಾಲ್, ಅದೂ ಅಲ್ಲದಿದ್ದರೆ ಹಗ್ಗಜಗ್ಗಾಟ. ಮಳೆಗಾಲದಲ್ಲಾದರೂ ಜನ ಸುಮ್ಮನಿರುತ್ತಾರಾ ಎಂದರೆ ಇಲ್ಲ, ಆಟಿ ತಿಂಗಳಲ್ಲಿ ಗದ್ದೆಗಿಳಿದು ಕೆಸರಿನಲ್ಲಿ ಓಡುತ್ತಾರೆ. ಕೋಣಗಳಿಗೂ ಬಿಡುವಿಲ್ಲದ ಊರು ಇದು.

ಇಂಥ ಊರಿನಲ್ಲಿ, ಅದೂ ನಮ್ಮ ಭಾವನ ಮಗನಾಗಿ ನನ್ನ ಸೋದರಳಿಯ ಹುಟ್ಟಿದ. ಭಾವ ಒಂದು ಕಾಲದಲ್ಲಿ ಪಾಣೆಮಂಗಳೂರಿನ ಆಸುಪಾಸಿನಲ್ಲಿ ಹೆಸರು ಮಾಡಿದ ರೈಡರ್. ಪ್ರೊ ಕಬಡ್ಡಿ ಶುರುವಾದದ್ದು 2014ರಲ್ಲಿ. ಭಾವನ ಪ್ರಕಾರ ಅದು ಇಪ್ಪತ್ತು ವರ್ಷ ತಡವಾಗಿ ಶುರುವಾಯಿತು, ಇಲ್ಲದಿದ್ದರೆ ನಾವೆಲ್ಲ ಅವರನ್ನು ಟಿವಿಯಲ್ಲೇ ನೋಡಬೇಕಿತ್ತು. ಮನೆಗೆ ಬಂದವರಿಗೆ ಅಕ್ಕ ಪುನರ್ಪುಳಿ ಶರಬತ್ತು ತರುವುದರೊಳಗೆ ಭಾವ ಪಂಚೆ ಸ್ವಲ್ಪ ಎತ್ತಿ ಮೊಣಕಾಲಿನ ಗಾಯದ ಕಲೆ ತೋರಿಸಿಯಾಗಿರುತ್ತದೆ. "ಈಗಿನವರಿಗೆ ಮ್ಯಾಟ್. ನಮಗೆ ಮುರಕಲ್ಲಿನ ಮಣ್ಣು" ಎನ್ನುತ್ತಾರೆ.

ಮಗ ಸೋಮಾರಿಯಲ್ಲ. ಅವನಿಗೆ ಕಾರಣ ಬೇಕು, ಅಷ್ಟೆ. ಖೋ-ಖೋದಲ್ಲಿ ಬೆನ್ನು ತಟ್ಟಿ ಖೋ ಕೊಟ್ಟರೆ ಎದ್ದು ಓಡುವುದು ಬಿಟ್ಟು, "ನನಗೇ ಯಾಕೆ ಕೊಟ್ಟದ್ದು?" ಎಂದು ಹಿಂದೆ ತಿರುಗಿ ಕೇಳಿದವನು ನಮ್ಮ ತಾಲೂಕಿನ ಇತಿಹಾಸದಲ್ಲಿ ಅವನೊಬ್ಬನೇ ಇರಬೇಕು. ಉತ್ತರ ಸಿಗುವುದರೊಳಗೆ ಆಟ ಮುಗಿದಿತ್ತು.

ಐದನೇ ಕ್ಲಾಸಿಗೆ ಬಂದಾಗ ಅಕ್ಕ ಅವನನ್ನು ಹಾಸ್ಟೆಲ್ ಇರುವ ಶಾಲೆಗೇ ಸೇರಿಸುವುದೆಂದು ತೀರ್ಮಾನಿಸಿದಳು. "ನೀನು ಹೇಗೂ ಪೇಪರಿಗೆ ಬರೀತಿಯಲ್ಲ ತಮ್ಮಾ, ಈ ಫಾರಂಗಳನ್ನೂ ಬರೆದುಬಿಡು" ಎಂದು ಒಂದು ಕಟ್ಟು ತಂದು ನನ್ನ ಮುಂದಿಟ್ಟಳು. ಹೆಸರು, ಜಾತಿ, ಆದಾಯ, ರಕ್ತದ ಗುಂಪಿನವರೆಗೆ ಪೆನ್ನು ಸಲೀಸಾಗಿ ಓಡಿತು. ಆಮೇಲೆ ಬಂತು ನೋಡಿ, ಕ್ರೀಡೆಯ ಕಾಲಂ. ಸಾಧನೆಯ ಮಟ್ಟ: ವಲಯ, ತಾಲೂಕು, ಜಿಲ್ಲೆ, ರಾಜ್ಯ; ಅನ್ವಯಿಸುವುದಕ್ಕೆ ಗುರುತು ಹಾಕಿ. ವಲಯಕ್ಕಿಂತ ಕೆಳಗೆ ಅಂಗಳ ಎಂದೊಂದು ಮಟ್ಟ ಕೊಟ್ಟಿದ್ದರೂ ನಮ್ಮ ಹುಡುಗನಿಗೆ ಅನ್ವಯಿಸುತ್ತಿರಲಿಲ್ಲ. 'ಇಲ್ಲ' ಎಂದು ಬರೆಯುವ ಹಾಗಿಲ್ಲ, ಭಾವ ಪಕ್ಕದಲ್ಲೇ ಕೂತಿದ್ದರು. "ಆಸಕ್ತಿ ಉಂಟು ಅಂತ ಬರಿ" ಎಂದರು. "ಯಾರಿಗೆ?" ಎಂದು ಮಗ ಒಳಗಿನಿಂದಲೇ ಕೇಳಿದ.

ಈ ವಿಷಯದಲ್ಲಿ ನನಗೆ ತುಂಬ ಗೌರವ ಇರುವುದು ನವೋದಯದ ಮೇಲೆ. ನಮ್ಮ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಇರುವುದು ಮುಡಿಪಿನಲ್ಲಿ, ಹಿಂದೆ ಬಂಟ್ವಾಳ ತಾಲೂಕಿಗೇ ಸೇರಿದ್ದ ಜಾಗ. ಆರನೇ ಕ್ಲಾಸಿನ ಪ್ರವೇಶಕ್ಕೆ ಎರಡು ಗಂಟೆಯ ಪರೀಕ್ಷೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು, ಉಳಿದದ್ದು ಗಣಿತ ಮತ್ತು ಭಾಷೆ. ನಾಲ್ಕು ಚಿತ್ರದಲ್ಲಿ ಹೊಂದದೆ ಇರುವ ಒಂದನ್ನು ಹುಡುಕುವುದೆಂದರೆ ನಮ್ಮ ಹುಡುಗನಿಗೆ ಖುಷಿ; ಹೊಂದದೆ ಇರುವುದರಲ್ಲಿ ಅವನಿಗೆ ಅನುಭವವಿದೆ. ಎಷ್ಟು ಎತ್ತರ ಹಾರುತ್ತೀ, ಎಷ್ಟು ದೂರ ಎಸೆಯುತ್ತೀ ಎಂದು ಆ ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಆದರೆ ಸೀಟು 80, ಬರೆಯುವವರು ಇಡೀ ಜಿಲ್ಲೆಯವರು. ಒಂದು ವೇಳೆ ಸಿಕ್ಕಿದರೂ ಬೆಳಗ್ಗೆ ಬೆಳಕು ಹರಿಯುವ ಮೊದಲೇ ಪಿ.ಟಿ. ಉಂಟು ಎಂದು ಅಲ್ಲಿ ಓದಿದ ಪಕ್ಕದ ಮನೆಯ ಹುಡುಗ ಹೇಳಿಬಿಟ್ಟ. ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೂ ಅರ್ಜಿ ಹೋಯಿತು. ಅಲ್ಲೂ ಬೆಳಗ್ಗೆ ಏಳಲೇಬೇಕು ಎಂದು ತಿಳಿದಾಗ, "ಮಲಗುವ ವಸತಿ ಶಾಲೆ ಯಾವುದೂ ಇಲ್ವಾ ಮಾವ?" ಎಂದ.

ಮೂಡುಬಿದಿರೆಯ ಕಥೆ ಬೇರೆ. ಆ ಊರಿನಲ್ಲಿ ಬಸ್ಸಿಳಿಯುವಾಗಲೇ ಭಾವನ ನಡಿಗೆ ಬದಲಾಯಿತು. ಅದು 1430ರಲ್ಲಿ ಕಟ್ಟಿಸಿದ ಸಾವಿರ ಕಂಬದ ಬಸದಿಯ ಊರು. ಭಾವನಿಗೆ ಮಾತ್ರ ಅದು ಸ್ವರಾಜ್ಯ ಮೈದಾನದ ಊರು, ಆಳ್ವಾಸ್‌ನ ಊರು. ಡಾ. ಮೋಹನ ಆಳ್ವರ ಸಂಸ್ಥೆ ಓಟಗಾರರನ್ನೂ ಕುಸ್ತಿಪಟುಗಳನ್ನೂ ದತ್ತು ತೆಗೆದುಕೊಂಡು ಖರ್ಚಿಲ್ಲದೆ ಓದಿಸುತ್ತದೆ ಎಂಬುದು ನಮ್ಮ ಕಡೆಯ ಎಲ್ಲ ಅಪ್ಪಂದಿರಿಗೂ ಗೊತ್ತು. ಅಲ್ಲಿಯ ಕನ್ನಡ ಮಾಧ್ಯಮ ಶಾಲೆಗೆ ಪ್ರವೇಶ ಪರೀಕ್ಷೆ ಬರೆದು ಆಯ್ಕೆಯಾದವರಿಗೂ ಓದು, ಊಟ, ವಸತಿ ಉಚಿತ. ಅಂದರೆ ಓಡುವವನಿಗೊಂದು ಬಾಗಿಲು, ಅಂಕ ತೆಗೆಯುವವನಿಗೊಂದು ಬಾಗಿಲು. ನಮ್ಮವನು ಓಡುವುದೂ ಇಲ್ಲ, ಅವನ ಅಂಕವೂ ಎಪ್ಪತ್ತೆರಡು ದಾಟುವುದಿಲ್ಲ. ಎರಡು ಬಾಗಿಲ ನಡುವಿನ ಗೋಡೆಗೆ ಒರಗಿ ನಿಲ್ಲುವ ಮಕ್ಕಳು ಲೋಕದಲ್ಲಿ ಎಷ್ಟೋ ಇದ್ದಾರೆ. ಅವರಿಗೊಂದು ಕಾಲಂ ಯಾವ ಫಾರಂನಲ್ಲೂ ಕಂಡಿಲ್ಲ.

ಮೈದಾನದಲ್ಲಿ ಯಾರೋ ಹುಡುಗಿಯರು ಹರ್ಡಲ್ಸ್ ಅಭ್ಯಾಸ ಮಾಡುತ್ತಿದ್ದರು. ಒಬ್ಬಳು ಹಾರಿದಳು, ಹಾರಿದಳು, ಮೂರನೆಯದಕ್ಕೆ ಕಾಲು ತಾಗಿ ಬಿದ್ದಳು. ಎದ್ದು ಮೊಣಕೈ ಒರೆಸಿಕೊಂಡು ಮತ್ತೆ ಮೊದಲಿನಿಂದ ಓಡಿದಳು. ಭಾವನ ಕಣ್ಣು ಒದ್ದೆಯಾಯಿತು. "ನೋಡು" ಎಂದು ಮಗನಿಗೆ ಹೇಳಿದರು. ಅವನು ನೋಡಿದ. "ಅದನ್ನು ಬದಿಗೆ ಇಡಬಹುದಲ್ಲ ಅಪ್ಪ" ಎಂದ.

ಹಿಂದಿರುಗುವಾಗ ಸಿದ್ಧಕಟ್ಟೆಯವರೆಗೂ ಭಾವ ಶ್ರೀನಿವಾಸ ಗೌಡರ ಬಗ್ಗೆ ಮಾತಾಡಿದರು. ಮೂಡುಬಿದಿರೆ ಹತ್ತಿರದ ಅಶ್ವತ್ಥಪುರದವರು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಪತ್ರಿಕೆಗಳು ಉಸೇನ್ ಬೋಲ್ಟ್‌ಗೆ ಹೋಲಿಸಿದವು. ಕೇಂದ್ರದ ಕ್ರೀಡಾ ಸಚಿವರೇ ಟ್ರಯಲ್ಸ್‌ಗೆ ಕರೆದರು. ಗೌಡರು ಹೋಗಲಿಲ್ಲ: ಕಂಬಳದ್ದು ಹಿಮ್ಮಡಿಯ ಓಟ, ಟ್ರ್ಯಾಕಿನದ್ದು ಬೆರಳ ತುದಿಯ ಓಟ, ಎರಡೂ ಒಂದಲ್ಲ ಎಂದರು. ಮಗ ಅಷ್ಟೂ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದವನು ಇಲ್ಲಿಗೆ ಬಂದಾಗ ಮಾತ್ರ ತಿರುಗಿ, "ಅಷ್ಟು ಜೋರು ಓಡುವವರೇ ಬೇಡ ಅಂದ್ರು, ಅಲ್ವಾ?" ಎಂದು ಖಚಿತ ಮಾಡಿಕೊಂಡ.

ಆರಕ್ಕೆ ಎಲ್ಲೂ ಸಿಗದಿದ್ದರೆ ಎಂಟಕ್ಕೆ ನೋಡಿದರಾಯಿತೆಂದು ಉಜಿರೆಯನ್ನೂ ವಿಚಾರಿಸಿಟ್ಟೆವು. ಬೆಳ್ತಂಗಡಿ ತಾಲೂಕಿನ ಈ ಊರಿನಲ್ಲಿ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಶುರುಮಾಡಿದ ಸಿದ್ಧವನ ಗುರುಕುಲ ಇದೆ. ಹೈಸ್ಕೂಲು ಮಕ್ಕಳಿಗೆ ರತ್ನಮಾನಸ ಎಂಬ ಹಾಸ್ಟೆಲ್ ಇದೆ. ರತ್ನಮಾನಸದಲ್ಲಿ ಮಕ್ಕಳು ಓದಿನ ಜೊತೆಗೆ ಗದ್ದೆ, ತೋಟ, ಹಟ್ಟಿಯ ಕೆಲಸವನ್ನೂ ಕಲಿಯುತ್ತಾರೆ. ಅಕ್ಕನಿಗೆ ಇದು ಬಹಳ ಹಿಡಿಸಿತು. ಹುಡುಗ ಒಂದೇ ಪ್ರಶ್ನೆ ಕೇಳಿದ.

"ದನ ಓಡ್ತದಾ ಮಾವ?"

"ಹಗ್ಗ ಬಿಚ್ಚಿದರೆ ಓಡ್ತದೆ ಮಾರಾಯ."

"ಹಾಗಾದ್ರೆ ಹಿಂದೆ ಯಾರು ಓಡುವುದು?"

ಕೊನೆಗೆ ಒಂದು ಶಾಲೆಯಿಂದ (ಹೆಸರು ಬೇಡ) ಸಂದರ್ಶನಕ್ಕೆ ಕರೆ ಬಂತು. ಮೇಜಿನ ಆಚೆ ಹೆಡ್‌ಮಾಷ್ಟ್ರು, ಪಕ್ಕದಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡ ಪಿ.ಟಿ. ಮಾಷ್ಟ್ರು. ನಾನು ಬರೆದ 'ಆಸಕ್ತಿ ಉಂಟು' ಎಂಬಲ್ಲಿ ಪಿ.ಟಿ. ಮಾಷ್ಟ್ರ ಬೆರಳು ನಿಂತಿತು.

"ಯಾವ ಆಟ ಇಷ್ಟ ನಿಂಗೆ?"

"ಕಬಡ್ಡಿ ಸರ್." ಭಾವ ಕುರ್ಚಿಯಲ್ಲಿ ನೆಟ್ಟಗಾದರು. "ಔಟಾದವರು ಹೊರಗೆ ಕೂತಿರ್ತಾರಲ್ಲ, ಅದು."

"ಕೂತರೆ ಆಯ್ತಾ? ನಿಮ್ಮವರು ಒಬ್ಬನನ್ನು ಹಿಡಿದ ಕೂಡಲೇ ಒಳಗೆ ಬರ್ಬೇಕಲ್ಲ?"

"ಮೊದಲು ಔಟಾದವರು ಮೊದಲು ಒಳಗೆ ಹೋಗುವುದು ಸರ್. ನಾನು ಕೊನೆಗೆ ಔಟಾಗ್ತೇನೆ."

"ಕೊನೆವರೆಗೆ ಉಳೀಬೇಕಾದ್ರೆ ಆಡ್ಬೇಕು ಮಾರಾಯ!"

"ಇಲ್ಲ ಸರ್. ನನ್ನನ್ನು ಔಟ್ ಮಾಡಿ ಏನೂ ಪ್ರಯೋಜನ ಇಲ್ಲ ಅಂತ ಅವರೇ ಬಿಟ್ಟಿರ್ತಾರೆ."

ಪಿ.ಟಿ. ಮಾಷ್ಟ್ರು ಸೀಟಿಯನ್ನು ಬಾಯಿಗೆ ಇಟ್ಟುಕೊಂಡು, ಊದದೆ, ಮತ್ತೆ ಕೆಳಗೆ ಬಿಟ್ಟರು. ಹೆಡ್‌ಮಾಷ್ಟ್ರು ಮಾತ್ರ ಕನ್ನಡಕ ತೆಗೆದು ಹುಡುಗನನ್ನು ಸರಿಯಾಗಿ ನೋಡಿದರು. "ನೀನು ತಾಳಮದ್ದಳೆ ಕೇಳ್ತೀಯಾ?"

ಕೇಳುತ್ತಾನೆ. ತೊಟ್ಟಿಲಲ್ಲಿದ್ದಾಗಿನಿಂದ ಅಜ್ಜನ ಜೊತೆ ಕೇಳಿದ್ದಾನೆ. ನಮಗೆ ಯಾರಿಗೂ ಅದು ಫಾರಂನಲ್ಲಿ ಬರೆಯುವ ಸಂಗತಿ ಎಂದು ಹೊಳೆದಿರಲಿಲ್ಲ. ನೋಡಿ, ಯಕ್ಷಗಾನವಾದರೂ ಕಷ್ಟ. ಧಿಗಿಣ ಹಾಕಬೇಕು, ಕಿರೀಟ ಹೊರಬೇಕು. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಯ ಸದ್ದಿನಲ್ಲಿ ಶುರುವಾಗುವ ತಾಳಮದ್ದಳೆ ಹಾಗಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಕುರುಕ್ಷೇತ್ರ. ಇಷ್ಟು ಓಡುವ ಜಿಲ್ಲೆಯೇ ಏಳಲು ಮನಸ್ಸಿಲ್ಲದವರಿಗಾಗಿಯೂ ಒಂದು ಕಲೆ ಬೆಳೆಸಿಟ್ಟಿದೆ, ಅದರಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಬರೀ ಮಾತಿನಲ್ಲಿ ಎದುರಾಳಿಯನ್ನು ಚಿತ್ ಮಾಡಿ ಮನೆಮಾತಾಗಿದ್ದಾರೆ. ಅವರ ಎದುರು ಕೂತು ಅರ್ಥ ಹೇಳುವುದು ಯಾವ ರೈಡಿಗಿಂತಲೂ ಸುಲಭದ್ದಾಗಿರಲಿಲ್ಲ ಎನ್ನುತ್ತಿದ್ದರು ಅಜ್ಜ.

ಹೆಡ್‌ಮಾಷ್ಟ್ರು ನನ್ನ ಅಕ್ಷರವನ್ನು ಹೊಡೆದುಹಾಕಿ ಕ್ರೀಡೆಯ ಕಾಲಂನಲ್ಲೇ 'ತಾಳಮದ್ದಳೆ' ಎಂದು ಬರೆದುಕೊಂಡರು. ಪಿ.ಟಿ. ಮಾಷ್ಟ್ರು ಆಕ್ಷೇಪಿಸಲು ಬಾಯಿ ತೆರೆದು, ಹುಡುಗನ ಕಡೆ ನೋಡಿ ಮುಚ್ಚಿಕೊಂಡರು.

ಈಗ ಅವನು ಅಲ್ಲೇ ಇದ್ದಾನೆ. ಬೆಳಗ್ಗೆ ಎಲ್ಲರ ಜೊತೆ ಓಡುತ್ತಾನಂತೆ, ಎಲ್ಲರ ಹಿಂದೆ, ಯಾಕೆ ಓಡಬೇಕೆಂದು ವಾರ್ಡನ್ನರಿಗೆ ಕೇಳುತ್ತ. ಅದಕ್ಕಾಗಿ ವಾರ್ಡನ್ನರೂ ಓಡಬೇಕಾಗಿದೆ. ಶಾಲೆಯ ವಾರ್ಷಿಕೋತ್ಸವಕ್ಕೆ 'ವಾಲಿವಧೆ' ಇಟ್ಟುಕೊಂಡಿದ್ದಾರೆ, ವಾಲಿಯ ಅರ್ಥ ಇವನದ್ದು ಎಂದು ಮೊನ್ನೆ ಫೋನ್ ಬಂತು. ಭಾವ ಬಿ.ಸಿ. ರೋಡಿನಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಾರೆ: "ನಮ್ಮವನಿಗೆ ವಾಲಿ ಕೊಟ್ಟಿದ್ದಾರೆ ಮಾರಾಯ್ರೆ. ಎದುರಿಗೆ ನಿಂತವನ ಅರ್ಧ ಬಲ ಎಳೆದುಕೊಳ್ಳುವ ವಾಲಿ!" ಕೇಳಿದವರು ಹುಡುಗ ಗಟ್ಟಿಯಾಗಿದ್ದಾನೆ ಎಂದುಕೊಂಡು ತಲೆದೂಗುತ್ತಾರೆ. ಇವನ ಪಾತ್ರ ಶುರುವಾಗುವುದು ಬಾಣ ತಾಗಿ ನೆಲಕ್ಕೆ ಬಿದ್ದ ಮೇಲೆ, ಮುಗಿಯುವವರೆಗೂ ಏಳುವ ಪ್ರಮೇಯವೇ ಇಲ್ಲ ಎಂಬುದನ್ನು ಭಾವ ಹೇಳುವುದಿಲ್ಲ. ನಾವೂ ಹೇಳಿಲ್ಲ.