ತಲೆಯಾಡಿಸಿದ ಲೆಕ್ಕ

ಅಪ್ರೈಸಲ್ ಫಾರ್ಮಿನ ಕೊನೆಯ ಸಾಲಿನಲ್ಲಿ ನಮ್ಮ ಮ್ಯಾನೇಜರ್ (ನನ್ನ ಮಗನಿಗಿಂತ ಎರಡೇ ವರ್ಷ ದೊಡ್ಡವನು) ಬರೆದಿದ್ದ: ‘ಮೇಡಂ ಲೆಕ್ಕದಲ್ಲಿ ಗಟ್ಟಿ. ಸಾಫ್ಟ್ ಸ್ಕಿಲ್ಸ್ ಸುಧಾರಿಸಬೇಕು.’ ಮೆತ್ತಗಿರಬೇಕಾದ್ದು ಅಂದರೆ ನನಗೆ ಗೊತ್ತಿದ್ದದ್ದು ಇಡ್ಲಿ, ಚಪಾತಿ ಹಿಟ್ಟು, ಅಷ್ಟೇ. ಹೋಗಿ ಕೇಳಿದೆ. “ನೀವು ಎದುರಿನವರ ಮಾತು ಮುಗಿಯೋಕೆ...” ಅಂದ. “ಯಾರಪ್ಪ ಹಾಗಂದಿದ್ದು?” ಅಂದೆ. ಅವನ ವಾಕ್ಯ ಇವತ್ತಿಗೂ ಪೂರ್ತಿಯಾಗಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆಯ ತುಂಬಿದ ಮನೆ. ಪಂಕ್ತಿಯಲ್ಲಿ 14 ಎಲೆ. ಒಬ್ಬರ ಮಾತು ಮುಗಿಯಲಿ ಅಂತ ಕಾಯುತ್ತ ಕೂತವರಿಗೆ ಮಜ್ಜಿಗೆಯೂ ಸಿಗುತ್ತಿರಲಿಲ್ಲ. ಮಧ್ಯೆ ಬಾಯಿ ಹಾಕುವುದು ನಮ್ಮಲ್ಲಿ ಅಕ್ಕರೆಯ ಲಕ್ಷಣ. ಬಾಯಿ ಮುಚ್ಚಿಕೊಂಡು ಕೇಳಿದರೆ, ‘ಯಾಕೆ, ಏನು ಸಿಟ್ಟು?’ ಅನ್ನುವವರೇ ಎಲ್ಲ.

ಅಂತೂ ಎರಡು ದಿನದ ತರಬೇತಿಗೆ ನನ್ನ ಹೆಸರು ಬಿತ್ತು. ಹೋಟೆಲಿನ ಹಾಲ್, ಶಾಲು ಹೊದೆಯುವಷ್ಟು ಏಸಿ, ಕಿವಿಗೆ ಮೈಕ್ ಸಿಕ್ಕಿಸಿಕೊಂಡ ಟ್ರೈನರ್. ಮೊದಲು ‘ಜೋಹಾರಿ ವಿಂಡೋ’ ಅಂದರು. ಅವೆನ್ಯೂ ರೋಡಿನ ಯಾವುದೋ ಜವಾಹರಿ ಅಂಗಡಿಯ ಶೋಕೇಸ್ ಇರಬೇಕು ಅಂತ ನಾನು ನೆಟ್ಟಗೆ ಕೂತೆ. ನೋಡಿದರೆ ಅದು ಜೋಸೆಫ್ ಲಫ್ಟ್, ಹ್ಯಾರಿಂಗ್ಟನ್ ಇಂಗಮ್ ಎಂಬಿಬ್ಬರು 1955ರಲ್ಲಿ ಮಾಡಿದ ನಾಲ್ಕು ಚೌಕದ ಚಿತ್ರ; ಜೋ ಮತ್ತು ಹ್ಯಾರಿ ಸೇರಿ ಜೋಹಾರಿ. ಬಂಗಾರದ ಸುದ್ದಿಯೇ ಇಲ್ಲ.

ಆಮೇಲೆ ಬೋರ್ಡಿನ ಮೇಲೆ 7, 38, 55 ಅಂತ ಬರೆದರು. ನಾನು ಅಭ್ಯಾಸಬಲದಿಂದ ಕೂಡಿದೆ. ನೂರು, ಟ್ಯಾಲಿ. ನಾವು ಎದುರಿನವರಿಗೆ ದಾಟಿಸುವುದರಲ್ಲಿ ಪದಗಳ ಪಾಲು ಬರೀ ಶೇ. 7, ದನಿ 38, ಮುಖಭಾವ ಹಾವಭಾವ 55 ಅಂತೆ. ವೋಚರ್ ಇಲ್ಲದೆ ಅಂಕಿ ಒಪ್ಪುವ ಜಾತಿ ನಮ್ಮದಲ್ಲ. ರಾತ್ರಿ ಮೊಬೈಲಿನಲ್ಲಿ ಕೆದಕಿದೆ. 1967ರಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞರು ಬಿಡಿಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೋ ತೋರಿಸಿ ಮಾಡಿದ ಪ್ರಯೋಗಗಳ ಲೆಕ್ಕ ಅದು. ಇಷ್ಟವೋ ಅನಿಷ್ಟವೋ ಅನ್ನುವ ಭಾವನೆಗೆ ಮಾತ್ರ ಅನ್ವಯ. ಎಲ್ಲ ಮಾತಿಗೂ ಹಚ್ಚಬೇಡಿ ಅಂತ ಅವರೇ ಹೇಳಿದ್ದಾರೆ. ‘ಸಾಫ್ಟ್ ಸ್ಕಿಲ್ಸ್’ ಎಂಬ ಮಾತಿನ ಬೇರು ಹುಡುಕಿದರೆ ಅದು ಅಮೆರಿಕದ ಸೈನ್ಯದಲ್ಲಿ ಸಿಕ್ಕಿತು! 1972ರಲ್ಲಿ ಅವರು ಇದಕ್ಕೊಂದು ಸಮ್ಮೇಳನವನ್ನೇ ಮಾಡಿದ್ದರು. ಯಂತ್ರದ ಗೊಡವೆ ಇಲ್ಲದ ಕೆಲಸವೆಲ್ಲ ಸಾಫ್ಟು, ವರದಿ ಬರೆಯುವುದೂ ಸೇರಿ. ಹಾಗಾದರೆ 27 ವರ್ಷ ಲೆಡ್ಜರ್ ಬರೆದ ನಾನು ಬೆಣ್ಣೆಯಾಗಿರಬೇಕಿತ್ತಲ್ಲ? ಬೆಳಿಗ್ಗೆ ಎದ್ದು ನಿಂತು ಇದನ್ನೆಲ್ಲ ಹೇಳಿದೆ. ಟ್ರೈನರ್ ನಕ್ಕು, “ಥ್ಯಾಂಕ್ಯೂ ಫಾರ್ ಶೇರಿಂಗ್” ಅಂದರು. ‘ಕೂತ್ಕೊಳಮ್ಮ’ ಅನ್ನುವುದನ್ನು ಮೆತ್ತಗೆ ಹೇಳುವ ರೀತಿ ಅದು ಅಂತ ಕೂತ ಮೇಲೆ ಹೊಳೆಯಿತು.

ಅವತ್ತೇ ಮಧ್ಯಾಹ್ನ ‘ಆ್ಯಕ್ಟಿವ್ ಲಿಸನಿಂಗ್’. ಜೋಡಿಯಲ್ಲಿ ಒಬ್ಬರು 2 ನಿಮಿಷ ಮಾತಾಡಬೇಕು; ಇನ್ನೊಬ್ಬರು ಮುಂದಕ್ಕೆ ಬಾಗಿ, ಕಣ್ಣಲ್ಲಿ ಕಣ್ಣಿಟ್ಟು, ಮುಗುಳ್ನಗುತ್ತ ತಲೆಯಾಡಿಸಬೇಕು. ಬಾಯಿ ಬಿಡಕೂಡದು. ನನ್ನ ಜೋಡಿಗೆ ಬಿದ್ದವನು ಎರಡು ಮೇಜಿನಾಚೆ ಕೂರುವ ಹುಬ್ಬಳ್ಳಿ ಕಡೆಯ ಹುಡುಗ. ಅವನು ಶುರುಮಾಡಿದ, ನಾನು “ಹೂಂ” ಅಂದೆ. ಟ್ರೈನರ್ ತುಟಿಯ ಮೇಲೆ ಬೆರಳಿಟ್ಟರು. ನಮ್ಮಜ್ಜಿ ಕತೆ ಹೇಳುವಾಗ ಹೂಂಗುಟ್ಟುವುದು ನಿಂತರೆ ರಾಜಕುಮಾರಿ ಮರದ ಮೇಲೇ ಬಾಕಿ, ಅಜ್ಜಿಯ ಗೊರಕೆ ಶುರು. ಆ ಹೂಂ ಇಲ್ಲದೆ ಕೇಳುವುದು ಹೇಗೆ? ಸರಿ, ತಲೆಯಾದರೂ ಕ್ರಮವಾಗಿ ಆಡಲಿ ಅಂತ ಲೆಕ್ಕ ಹಾಕಿದೆ: 5 ಸೆಕೆಂಡಿಗೊಂದರಂತೆ ಒಟ್ಟು 24. ಆದರೆ ನಮ್ಮ ತಲೆ ಮೇಲೆ ಕೆಳಗೆ ಮಾತ್ರ ಆಡುವ ತಲೆಯೇ? ಮೂರನೆಯದಕ್ಕೇ ಅಡ್ಡಡ್ಡ ಹೋಯಿತು. ಅಡ್ಡಡ್ಡ ಅಂದರೆ ‘ಸರಿ’, ‘ನೋಡೋಣ’, ‘ಹೌದಾ ಪಾಪ’, ‘ಸಾಕು ಮುಗಿಸು’ ಎಲ್ಲವೂ ಅದೇ. ಹಿಡಿದು ನೇರ ಮಾಡಿದೆ. ಎಂಟನೆಯದಕ್ಕೆ ಕನ್ನಡಕ ಮೂಗಿನ ತುದಿಗೆ ಬಂತು. ಹನ್ನೊಂದಕ್ಕೆ ಲಯ ಸಿಕ್ಕಿತು. ವಾಲಗದವರೊಬ್ಬರು ಕಡಿಮೆ, ಸಾಕ್ಷಾತ್ ಕೋಲೆಬಸವ. ಹದಿನೇಳಕ್ಕೆ ಸ್ಪಾಂಡಿಲೈಟಿಸ್ ಕತ್ತು ಲಟಕ್ ಅಂತು. ನಗು ಮಾತ್ರ ಬಿಡಲಿಲ್ಲ.

ಹತ್ತೊಂಬತ್ತಕ್ಕೆ ಒಂದು ಪದ ಕಿವಿಗೆ ಬಿತ್ತು. ‘ದವಾಖಾನಿ’.

“...ಇನ್ನ ಭಾಳ ದಿನಾ ಇಲ್ಲ ಅಂತಾರ್ರೀ ಡಾಕ್ಟರ್” ಅನ್ನುತ್ತಿದ್ದ. ಮುಖದ ತುಂಬ ನಗು ಹರಡಿಕೊಂಡು ನಾನು ಹೌದು ಹೌದೆಂದು ತಲೆಯಾಡಿಸಿದೆ. ಇಪ್ಪತ್ತು. ಗಂಟೆ ಹೊಡೆಯಿತು.

ಈಗ ಕೇಳಿದ್ದನ್ನು ತಿರುಗಿ ಹೇಳಬೇಕಿತ್ತು. ನನ್ನ ಹತ್ತಿರ ಇದ್ದದ್ದು ಇಪ್ಪತ್ತು ಎಂಬ ಅಂಕಿಯೊಂದೇ. ತೊದಲಿದೆ. ಟ್ರೈನರ್ ಅಷ್ಟರಲ್ಲಿ, “ಮೇಡಂ ಐ ಕಾಂಟ್ಯಾಕ್ಟ್ ನೋಡಿದ್ರಾ? ಸೂಪರ್!” ಅಂದು ಚಪ್ಪಾಳೆ ಹೊಡೆಸಿದರು. ಅವರ ಲೆಕ್ಕದಲ್ಲಿ ನನಗೆ ನೂರಕ್ಕೆ 93. ಕೈಬಿಟ್ಟುಹೋದ 7ರಲ್ಲಿ ಅವನ ಅಪ್ಪ ಇದ್ದರು.

ಹೋದ ಸೋಮವಾರವಷ್ಟೇ ಅವನಿಗೆ, “ಏನಪ್ಪ, ಆಕಳಿಕೆ? ಭಾನುವಾರದ ಪಾರ್ಟಿ ಇಳಿದಿಲ್ವಾ?” ಅಂದಿದ್ದೆ. ಸೆಕ್ಷನ್ನೆಲ್ಲ ನಕ್ಕಿತ್ತು. ಅವನೂ ನಕ್ಕಿದ್ದ.

ಟೀ ಬ್ರೇಕಿನಲ್ಲಿ ಸಮೋಸದ ತಟ್ಟೆ ಹಿಡಿದು ಅವನು ಕಿಟಕಿ ಹತ್ತಿರ ನಿಂತಿದ್ದ. ಹೋಗಿ, “ನಂಗೆ ಒಂದಕ್ಷರ ಕೇಳಿಸಿಲ್ಲ ಕಣೋ. ತಲೆ ಎಣಿಸ್ತಾ ಇದ್ದೆ. ಮೊದಲಿಂದ ಹೇಳು” ಅಂದೆ. ಒಂದು ಕ್ಷಣ ನನ್ನನ್ನೇ ನೋಡಿದ.

“ಮೂರ್ ವಾರ ಆತ್ರೀ ಅಪ್ಪಾರನ್ನ ಅಡ್ಮಿಟ್ ಮಾಡಿ...”

“ಮೂರು ವಾರನಾ? ರಾತ್ರಿ ಯಾರಿರ್ತಾರೆ?”

“ಅವ್ವ ಇರ್ತಾಳ್ರಿ. ನಾ ಶುಕ್ರವಾರ ರಾತ್ರಿ ಬಸ್ಸಿಗೆ...”

“ಅಮ್ಮ ಒಬ್ಬರೇನಾ? ಅವರ ಊಟ? ಸೋಮವಾರ ಬಸ್ಸಿಳಿದು ಸೀದಾ ಆಫೀಸಿಗೆ ಬರ್ತೀಯಾ ಹಾಗಾದ್ರೆ? ಸ್ನಾನ ಎಲ್ಲಿ? ಅಪ್ಪನಿಗೆ ಗಂಟಲಲ್ಲಿ ಗಂಜಿ ಇಳಿಯುತ್ತಾ?”

“ತಡೀರಿ ಮ್ಯಾಡಂ, ಅದನ್ನ ಹೇಳಾಕತ್ತೀನಿ, ಮುಗಸಾಕ ಬಿಡ್ರಿ” ಅಂದ. ನಗು ಬಂದಿತ್ತು ಅವನಿಗೆ, ಕಣ್ಣೂ ಒದ್ದೆಯಾಗಿತ್ತು. ನಾನು ಬಾಯಿ ಮುಚ್ಚಿದೆ. ಅರ್ಧ ನಿಮಿಷ ಇರಬಹುದು.

“ಹೂಂ, ಆಮೇಲೆ?” ಅಂದೆ.

ಸಮೋಸ ತಣ್ಣಗಾಯಿತು. ಒಳಗೆ ಟೈಮ್ ಮ್ಯಾನೇಜ್‌ಮೆಂಟ್ ಕ್ಲಾಸ್ ಶುರುವಾಗಿ ಆಗಲೇ 20 ನಿಮಿಷವಾಗಿತ್ತು.