ಅನುಮಾನದ ಸಂರಕ್ಷಣಾ ನಿಯಮ

ಅಮೆರಿಕದಿಂದ ರಜೆಗೆ ಬಂದ ಮಕ್ಕಳು ಚಿಕ್ಕಪೇಟೆಯ ಜವಳಿ ಅಂಗಡಿಯಲ್ಲಿ ಒಂದು ಗಂಟೆ ಕೂತ ಮೇಲೆ ಹೇಳುವ ಮಾತು ಒಂದೇ: ‘ಅಲ್ಲಿ ನಾವು ಹೀಗೆ ಟೈಮ್ ವೇಸ್ಟ್ ಮಾಡಲ್ಲಮ್ಮ.’ ಈ ಮಾತಿನಲ್ಲಿ ಸಣ್ಣದೊಂದು ಅವಮಾನವೂ ದೊಡ್ಡದೊಂದು ತಪ್ಪು ಲೆಕ್ಕವೂ ಇದೆ. ಅವಮಾನವನ್ನು ನುಂಗಿಕೊಳ್ಳಬಹುದು, ಲೆಕ್ಕವನ್ನು ತಿದ್ದಲೇಬೇಕು. ನನ್ನ ವಾದ ಇಷ್ಟೆ: ಸಂಸಾರವೊಂದು ಪೇಟೆಗೆ ಹೊರಟಾಗ ಅದರ ಜೊತೆಗೇ ಹೊರಡುವ ‘ಬೇಕೋ ಬೇಡವೋ’ ಎಂಬ ಅನುಮಾನದ ಮೊತ್ತ ಬೆಂಗಳೂರಿನಲ್ಲೂ ನ್ಯೂಜೆರ್ಸಿಯಲ್ಲೂ ಒಂದೇ. ಭೌತಶಾಸ್ತ್ರ ಶಕ್ತಿಯ ಬಗ್ಗೆ ಹೇಳುವುದು ಇದಕ್ಕೂ ಸಲ್ಲುತ್ತದೆ: ಅದನ್ನು ಸೃಷ್ಟಿಸಲೂ ಆಗದು, ನಾಶಮಾಡಲೂ ಆಗದು. ನಾವು ಅದನ್ನು ದುಡ್ಡು ಕೊಡುವ ಮುಂಚೆ ತೀರಿಸಿಕೊಳ್ಳುತ್ತೇವೆ, ಅವರು ಕೊಟ್ಟ ಮೇಲೆ.

ಮೊದಲು ನಮ್ಮ ಕಡೆಯ ಸಾಕ್ಷಿ. ಮದುವೆಯ ಜವಳಿ ತೆಗೆಯಲು ಅತ್ತೆ, ಚಿಕ್ಕಮ್ಮ, ಬಣ್ಣದ ವಿಷಯದಲ್ಲಿ ಬಲ್ಲವರೆಂದು ಹೆಸರಾದ ಪಕ್ಕದ ಮನೆಯವರು, ಬ್ಯಾಗು ಹಿಡಿಯಲೊಬ್ಬ ಯಜಮಾನರು ಹೊರಡುತ್ತಾರೆ. ತೋರಿಸಿದ ಎರಡನೇ ಸೀರೆಯೇ ಎಲ್ಲರಿಗೂ ಹಿಡಿಸಿರುತ್ತದೆ. ಹಿಡಿಸಿತೆಂದು ಬಾಯಿಬಿಡುವುದು ಮಾತ್ರ ಮರ್ಯಾದೆಯಲ್ಲ. ‘ಇದೇ ಬಣ್ಣದಲ್ಲಿ ಸಣ್ಣಂಚು ಇದೆಯಾ?’ ಬರುತ್ತದೆ. ‘ಇದೇ ಅಂಚಿನಲ್ಲಿ ಬೇರೆ ಬಣ್ಣ?’ ಅದೂ ಬರುತ್ತದೆ. ‘ಈ ಸೆರಗು, ಆ ಒಡಲು?’ ಇದು ನೇಯ್ದವರಿಗೂ ಹೊಳೆಯದಿದ್ದ ಪ್ರಶ್ನೆ. ಮಾರುವ ಹುಡುಗ ಸೀರೆಯನ್ನು ತನ್ನ ಮೈಮೇಲೇ ಹೊದ್ದು, ಸೆರಗು ಇಳಿಬಿಟ್ಟು, ಮದುವಣಗಿತ್ತಿಗಿಂತ ಲಕ್ಷಣವಾಗಿ ನಿಲ್ಲುತ್ತಾನೆ. ಇವನಿಗೆ ಒಪ್ಪಿದ್ದು ಹುಡುಗಿಗೆ ಒಪ್ಪೀತೇ ಎಂಬ ಹೊಸ ಚಿಂತೆ ಅಲ್ಲೇ ಹುಟ್ಟುತ್ತದೆ. ಟ್ಯೂಬ್‌ಲೈಟಿನಲ್ಲಿ ನೇರಳೆಯಾಗಿದ್ದದ್ದು ಬಿಸಿಲಿನಲ್ಲಿ ಏನಾದೀತೋ ಎಂದು ನಿಯೋಗವೊಂದು ಸೀರೆ ಹೊತ್ತು ಬೀದಿಗಿಳಿಯುತ್ತದೆ. ಹೂ ಮಾರುವವರೂ ಆಟೊದವರೂ ಕೇಳದೆಯೇ ತೀರ್ಪು ಕೊಡುತ್ತಾರೆ. ಕಡೆಗೆ ಗುಡ್ಡೆಯ ಅಡಿಯಿಂದ ಆ ಎರಡನೇ ಸೀರೆಯನ್ನೇ ಉತ್ಖನನ ಮಾಡಿ ಬಿಲ್ ಹಾಕಿಸುತ್ತೇವೆ. ಹೇಳಿಕೊಳ್ಳಲು ಸಂಕೋಚವೇ, ಆದರೆ ಅಂಥ ಮಧ್ಯಾಹ್ನದ ಸುಖ ಆ ಸೀರೆ ಉಟ್ಟ ದಿನವೂ ಸಿಗುವುದಿಲ್ಲ. ಇದೆಲ್ಲ ಚೌಕಾಸಿಯ ಚಟ, ನಿಗದಿತ ಬೆಲೆ ಬಂದರೆ ತಾನಾಗಿ ಬಿಡುತ್ತದೆ ಎನ್ನುವವರು ಸರ್ಕಾರದ ಮೈಸೂರು ಸಿಲ್ಕ್ ಮಳಿಗೆಗೆ ಹೋಗಿ ನೋಡಲಿ. ಅಲ್ಲಿ ಒಂದು ರೂಪಾಯಿಯ ಚೌಕಾಸಿಯೂ ನಡೆಯದು, ಹೊತ್ತು ಮಾತ್ರ ಅಷ್ಟೇ ಹಿಡಿಯುತ್ತದೆ. ಕಾರಣ ಬೆಲೆಯಲ್ಲಿಲ್ಲ, ಎಷ್ಟೋ ಅಂಗಡಿಗಳಲ್ಲಿ ಗಲ್ಲಾದ ಹಿಂದೆ ತೂಗುವ ಬೋರ್ಡಿನಲ್ಲಿದೆ: ‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ.’ ಪಶ್ಚಾತ್ತಾಪಕ್ಕೆ ಅವಕಾಶವೇ ಇಲ್ಲದ ಕಡೆ ಪೂರ್ವತಾಪವನ್ನಾದರೂ ಸರಿಯಾಗಿ ಪಡಬೇಡವೇ?

ಅಮೆರಿಕದ ಅಂಗಡಿಯಲ್ಲಿ ಈ ತಾಪವನ್ನು ಕೆರಳಿಸುವವರೇ ಇಲ್ಲ. 1916ರಲ್ಲಿ ಟೆನೆಸಿಯ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ‘ಪಿಗ್ಲಿ ವಿಗ್ಲಿ’ ಎಂಬ ದಿನಸಿ ಅಂಗಡಿ ತೆರೆದು, ಗಿರಾಕಿಯೇ ಬುಟ್ಟಿ ಹಿಡಿದು ಬೇಕಾದ್ದನ್ನು ಎತ್ತಿಕೊಳ್ಳಲಿ ಎಂದ. 1937ರಲ್ಲಿ ಓಕ್ಲಹೋಮ ಸಿಟಿಯ ಸಿಲ್ವನ್ ಗೋಲ್ಡ್‌ಮನ್ ಆ ಬುಟ್ಟಿಗೆ ಚಕ್ರ ಕೊಟ್ಟ. ಅಲ್ಲಿಗೆ ಮಾತೂ ಹೋಯಿತು, ಭಾರವೂ ಹೋಯಿತು. ಬೇಡವೆನ್ನಲು ಇದ್ದ ಎರಡು ನೆಪಗಳೂ ಹೋದವು. ಕಾಸ್ಟ್‌ಕೋದಂಥ ಗೋದಾಮಿನಲ್ಲಿ ನಮ್ಮವರು ಸದಸ್ಯತ್ವದ ಕಾರ್ಡು ತೋರಿಸಿ ಒಳಹೊಕ್ಕು, ತಿಂಗಳಿಗಾಗುವ ಟಿಶ್ಯೂ ಕಾಗದ, ಒಂದು ದೋಣಿ, ಎರಡು ದಿಂಬುಗಳನ್ನು ತುಟಿಪಿಟಕ್ಕೆನ್ನದೆ ಗಾಡಿಗೇರಿಸುತ್ತಾರೆ. ಟಿವಿ ಬೇಡವೆನಿಸಿದರೆ 90 ದಿನದೊಳಗೆ ಹಿಂದಿರುಗಿಸಬಹುದು. ಅಲ್ಲಿನ ಬಹುತೇಕ ಸಾಮಾನಿಗೆ ಗಡುವೇ ಇಲ್ಲ. ಹಾಗೆಂದು ಅನುಮಾನ ಸತ್ತಿತೆ? ಅದು ಸಾಮಾನಿನ ಜೊತೆ ಮನೆಗೇ ಬರುತ್ತದೆ. ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವರು ಅಂಗಡಿಯಲ್ಲಿ ಕೇಳಬೇಕಿದ್ದ ಪ್ರಶ್ನೆಗಳನ್ನೆಲ್ಲ ಗಂಡಹೆಂಡತಿ ಇಬ್ಬರೇ, ರಾತ್ರಿ ಹನ್ನೊಂದಕ್ಕೆ, ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಕ್ರಿಸ್‌ಮಸ್ ಮರುದಿನ ವಾಪಸಾತಿ ಕೌಂಟರಿನ ಮುಂದೆ ನಿಲ್ಲುವ ಸಾಲು ನಮ್ಮ ಸೀರೆ ಗುಡ್ಡೆಯ ಮುಂದಿನ ಗುಂಪೇ; ಇಲ್ಲಿ ಕೂತಿರುತ್ತಾರೆ, ಅಲ್ಲಿ ನಿಂತಿರುತ್ತಾರೆ.

ಬೆಂಗಳೂರೂ ಈಗ ಆನ್‌ಲೈನ್ ಆಗಿದೆಯಲ್ಲ ಎನ್ನಬಹುದು. ಆಗಿದೆ, ಅದರಿಂದ ನನ್ನ ನಿಯಮಕ್ಕೇ ಬಲ ಬಂದಿದೆ. ವಾಪಸು ಕಳಿಸುವ ಬಟನ್ ಕೈಗೆ ಸಿಕ್ಕ ದಿನದಿಂದ ನಾವೂ ಒಂದೇ ಕುರ್ತಾವನ್ನು ಎರಡು ಅಳತೆಯಲ್ಲಿ ತರಿಸಿ, ಒಂದನ್ನು ಹಿಂದಕ್ಕೆ ಅಟ್ಟುತ್ತೇವೆ. ಅತ್ತ, ನ್ಯೂಜೆರ್ಸಿಯ ಎಡಿಸನ್ನಿನ ಓಕ್ ಟ್ರೀ ರಸ್ತೆಯಲ್ಲಿ ನಮ್ಮ ಸೀರೆ, ಒಡವೆಯ ಅಂಗಡಿಗಳ ಸಾಲೇ ಇದೆ. ಗೋದಾಮಿನಲ್ಲಿ ಮೌನಿಗಳಾಗಿದ್ದ ಅದೇ ದಂಪತಿ ಇಲ್ಲಿ ವಾಚಾಳಿಗಳು. ಸಾಲದ್ದಕ್ಕೆ ಮೈಸೂರಿನಲ್ಲಿ ನಿದ್ದೆ ಹೋದ ಅಮ್ಮನನ್ನು ವಿಡಿಯೊ ಕಾಲ್‌ನಲ್ಲಿ ಎಬ್ಬಿಸಿ ಅಂಚು ತೋರಿಸುತ್ತಾರೆ. ಸ್ವಭಾವ ಊರಿನದಲ್ಲ, ಅಂಗಡಿಯ ಕರಾರಿನದು.

ಆದರೆ ಅನುಮಾನ ಪುಕ್ಕಟೆಯಲ್ಲ, ಯಾರೋ ಅದರ ಬಾಬ್ತು ಕಟ್ಟುತ್ತಾರೆ. ಅಲ್ಲಿ ವಾಪಸಾದ ಸಾಮಾನಿನಲ್ಲಿ ಒಂದಷ್ಟು ನೇರ ಕಸದ ಗುಂಡಿ ಸೇರುತ್ತದೆ. ಇಲ್ಲಿ ಕಟ್ಟುವುದು ಮಾರುವವರ ಕಾಲು. ಚಿಕ್ಕಪೇಟೆಯ ಹಳೆಯ ಗಾದಿ ಅಂಗಡಿಯಲ್ಲಿ ಇಬ್ಬರೂ ಕೂತೇ ವ್ಯವಹರಿಸುತ್ತಿದ್ದರು. ಹೊಸ ಶೋರೂಮಿನಲ್ಲಿ ಕೂರುವುದು ಗಿರಾಕಿ ಮಾತ್ರ. ಅಂಗಡಿ ನೌಕರರಿಗೂ ಕೂರಲು ಆಸನ ಕೊಡಿ ಎಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು. ಮನುಷ್ಯರು ಕೂರುವುದಕ್ಕೂ ಶಾಸನಸಭೆ ಸೇರಬೇಕಾಗುವಷ್ಟು ಸೀರೆ ಬಿಚ್ಚಿಸಿದ್ದೇವೆ ನಾವು. ತೀರ್ಮಾನ ತಡಮಾಡುವ ನಮ್ಮ ಹಕ್ಕನ್ನು ನಾನಂತೂ ಬಿಟ್ಟುಕೊಡೆ. ಮುಂದಿನ ಗಂಟು ಬಿಚ್ಚಿಸುವ ಮುಂಚೆ ಆ ಹುಡುಗನಿಗೊಂದು ಸ್ಟೂಲು ಕೊಡಿಸಿ ಎನ್ನಬಹುದಲ್ಲ? ಇರುವ ಸ್ಟೂಲುಗಳಲ್ಲಿ ಒಂದರ ಮೇಲೆ ಬ್ಯಾಗುಗಳನ್ನು ತಬ್ಬಿಕೊಂಡು ಯಜಮಾನರು ತೂಕಡಿಸುತ್ತಿರುತ್ತಾರೆ. ಅವರನ್ನು ಎಬ್ಬಿಸಿದರೆ ಕಾನೂನೂ ಬೇಕಾಗಲಿಕ್ಕಿಲ್ಲ.