ಅನುಭವ ಇದ್ದವರಿಗೆ ಆದ್ಯತೆ

ನಮ್ಮ ಬಡಾವಣೆಗಳಲ್ಲಿ ಈಗ ಅಂಗಡಿಗಳಿಲ್ಲ, ಇರುವುದೆಲ್ಲ ಮಾರ್ಟ್. ಅಪ್ಪನ ಕಾಲದ ಪ್ರಾವಿಜನ್ ಸ್ಟೋರ್ಸಿನ ಹಲಗೆ ಬಾಗಿಲು ಕೀಳಿಸಿ, ಗಾಜು ಕೂರಿಸಿ, ಏಸಿ ಹಾಕಿಸಿ (ಅದು ಓಡುವುದು ಬ್ಯಾಂಕಿನವರು ಬಂದಾಗ ಮಾತ್ರ) ಗಲ್ಲಾದ ಹಿಂದೆ ಕೂತಿರುವವರೇ ಮಾರ್ಟ್ ಯಜಮಾನರು. ಗಾಜಿನ ಮೇಲೆ ವರ್ಷವಿಡೀ ಅಂಟಿಕೊಂಡಿರುವ ಚೀಟಿ: ‘ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ. ಅನುಭವ ಇದ್ದವರಿಗೆ ಆದ್ಯತೆ.’

ಆದ್ಯತೆ ಕೆಲಸಕ್ಕೆ, ಸಂಬಳಕ್ಕಲ್ಲ.

ಅನುಭವವಿಲ್ಲದ ಹುಡುಗ ಬಂದರೆ, “ಏನೂ ಗೊತ್ತಿಲ್ವಲ್ಲಪ್ಪಾ! ಕಲಿಸೋದಕ್ಕೆ ನಾನೇ ನಿನ್ನ ಹತ್ರ ಫೀಸು ತಗೋಬೇಕು, ಹೋಗ್ಲಿ” ಎಂದು ಒಂದು ಮೊತ್ತ ಹೇಳುತ್ತಾರೆ. ಹನ್ನೆರಡು ವರ್ಷ ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಿದವನು ಬಂದರೆ, “ಅದು ಹಳೇ ಪದ್ಧತಿ ಕಣಯ್ಯಾ. ಅದನ್ನೆಲ್ಲ ಮೊದಲು ಮರೆಸಬೇಕು. ಕಲಿಸೋದಕ್ಕಿಂತ ಮರೆಸೋದೇ ಕಷ್ಟ.” ಅದೇ ಮೊತ್ತ. ದೊಡ್ಡ ಸೂಪರ್ ಮಾರ್ಕೆಟ್ಟಿನಿಂದ ಬಂದವನಿಗೆ, “ಅಲ್ಲಿ ಎಲ್ಲಾ ಮಿಷನ್ನೇ ಮಾಡುತ್ತೆ. ಇಲ್ಲಿ ಗಿರಾಕಿ ಜೊತೆ ಮಾತಾಡಬೇಕು.” ಮೊತ್ತ ಬದಲಾಗುವುದಿಲ್ಲ. ಇಂಥ ಸಮದರ್ಶಿತ್ವ ಮಠಗಳಲ್ಲೂ ಅಪರೂಪ.

ಪೊಟ್ಟಣದವನು ಸೇರಿದ ಮೊದಲ ವಾರವೇ ಬ್ಯಾಡಗಿ ಎಂದು ಚೀಟಿ ಹೊತ್ತ ಮೆಣಸಿನಕಾಯಿ ಮೂಟೆ ಬಂತು. ಅವನು ನಾಲ್ಕು ಕಾಯಿ ಅಂಗೈಗೆ ಹಾಕಿಕೊಂಡು, ಬೆರಳಲ್ಲಿ ಹೊರಳಿಸಿ, ಒಂದನ್ನು ಮುರಿದು ಮೂಸಿದ. “ಬ್ಯಾಡಗಿ ಕಡ್ಡಿ ಆಗಿದ್ರೆ ಸಿಪ್ಪೆ ಸುಕ್ಕು ಸುಕ್ಕಾಗಿರುತ್ತೆ ಯಜಮಾನ್ರೇ. ಇದು ನುಣ್ಣಗಿದೆ ನೋಡಿ, ಗುಂಟೂರು ಬೆರೆಸವ್ರೆ. ಬಣ್ಣ ಬರಲ್ಲ, ಬರೀ ಖಾರ.” ಮೂಟೆ ಬಂದ ಆಟೋದಲ್ಲೇ ವಾಪಸ್ಸು ಹೋಯಿತು. ಹಳೇ ತಾರೀಖಿನ ಬಿಸ್ಕತ್ತು ಕಪಾಟಿನ ಮುಂದಕ್ಕೂ ಹೊಸದು ಹಿಂದಕ್ಕೂ ಹೋದವು. ಬಿಲ್ಲಿಂಗ್ ಕಂಪ್ಯೂಟರ್ ಕೈಕೊಟ್ಟ ಸಂಜೆ ಅವನು ರಟ್ಟಿನ ಚೂರಿನ ಮೇಲೆ ಲೆಕ್ಕ ಬರೆದು ಇಡೀ ಸಾಲು ಕರಗಿಸಿದ.

“ಅನುಭವ ಅಂದ್ರೆ ಇದು ಸಾರ್!” ಎಂದರು ಯಜಮಾನರು ನನಗೆ.

“ಹಾಗಾದ್ರೆ ಸಂಬಳ?”

“ಅದು ಬೇರೆ ವಿಷಯ. ಅನುಭವ ಇರೋನು ಆರು ತಿಂಗಳಿಗೆ ಹಾರಿಹೋಗ್ತಾನೆ. ಜಾಸ್ತಿ ಕೊಟ್ಟು ಏನು ಪ್ರಯೋಜನ?”

ಜಾಸ್ತಿ ಕೊಡದ್ದಕ್ಕೇ ಹಾರುತ್ತಾನೆ ಎಂಬ ಮಾತು ನನ್ನ ಬಾಯಿತನಕ ಬಂದಿತ್ತು. ಆದರೆ ತಿಂಗಳ ಸಾಮಾನಿನ ಬಾಕಿ ಇನ್ನೂ ಅವರ ಪುಸ್ತಕದಲ್ಲಿತ್ತು.

ಯಜಮಾನರು ಕಾನೂನು ಓದಿಲ್ಲದವರೇನಲ್ಲ. 1948ರ ಕಾಯ್ದೆಯ ಕಾಲದಿಂದ ಸರ್ಕಾರ ಕನಿಷ್ಠ ವೇತನದ ಪಟ್ಟಿ ಹೊರಡಿಸುತ್ತಲೇ ಇದೆ. ನಮ್ಮ ರಾಜ್ಯದ ಪಟ್ಟಿಯಲ್ಲಿ ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂದು ದರ್ಜೆಗಳಿವೆ. ಅಲ್ಲಿ ನೋಡುವುದು ಮಾಡುವ ಕೆಲಸವನ್ನು, ಕಳೆದ ವರ್ಷಗಳನ್ನಲ್ಲ. ಹಾಗಾಗಿ ಹಾಜರಿ ಪುಸ್ತಕದಲ್ಲಿ ಎಲ್ಲರೂ ‘ಹೆಲ್ಪರ್’, ಅಂದರೆ ಅಕುಶಲ. ಬಿಲ್ ಹಾಕುವವನು, ಸ್ಟಾಕ್ ನೋಡುವವನು, ಮೆಣಸಿನಕಾಯಿಯ ಜಾತಕ ಹೇಳುವವನು, ಎಲ್ಲರೂ ಹೆಲ್ಪರ್. ಪ್ರತಿ ಏಪ್ರಿಲ್ 1ಕ್ಕೆ ಬೆಲೆಯೇರಿಕೆ ನೋಡಿ ಸರ್ಕಾರ ತುಟ್ಟಿಭತ್ಯೆ ಪರಿಷ್ಕರಿಸುತ್ತದಲ್ಲ, ಯಜಮಾನರ ಬಾಯಲ್ಲಿ ಅದು ‘ನಾನು ಕೊಟ್ಟ ಇನ್‌ಕ್ರಿಮೆಂಟು’. 20 ಜನ ಇದ್ದರೆ ಪಿಎಫ್ ಕಟ್ಟಬೇಕು, ಅದಕ್ಕೆ ಮಾರ್ಟಿನಲ್ಲಿ ಸದಾ 19. ಇಪ್ಪತ್ತನೆಯವನು ಭಾವಮೈದುನ, ಮನೆಯವನು, ಲೆಕ್ಕಕ್ಕಿಲ್ಲ. 5 ವರ್ಷ ತುಂಬಿದರೆ ಗ್ರಾಚ್ಯುಟಿ ಬರುತ್ತದೆಂದು, ನಾಲ್ಕು ಕಳೆದವನಿಗೆ ಅವರೇ ಮುತುವರ್ಜಿಯಿಂದ ಬೇರೆ ಮಾರ್ಟಿನ ವಿಳಾಸ ಕೊಡುತ್ತಾರೆ.

ಪೊಟ್ಟಣದವನು ಅಷ್ಟು ದಿನ ಕಾಯಲಿಲ್ಲ. ಎದುರು ರಸ್ತೆಯ ಮಾರ್ಟಿನಲ್ಲಿ ಐನೂರು ಹೆಚ್ಚು ಎಂದರು, ಹೋದ. ದಿನಸಿ ಕೆಲಸದಲ್ಲಿ ಅನುಭವಕ್ಕೆ ಬೆಲೆ ಕಟ್ಟುವವನು ಪಕ್ಕದ ಅಂಗಡಿಯವನೇ, ಅದೂ ಒಂದೇ ಸಲ. ಅಲ್ಲೂ ಪುಸ್ತಕದಲ್ಲಿ ಅವನು ಹೆಲ್ಪರ್. ಇಲ್ಲಿ ಯಜಮಾನರು ಚೀಟಿಗೆ ಹೊಸ ಗೋಂದು ಹಚ್ಚಿದರು.

ನಿಮ್ಮ ಮನೆಯ ಹುಡುಗರು ಮಾರ್ಟಿನ ಕೆಲಸ ಕೇಳಲು ಹೊರಟಿದ್ದರೆ ಒಂದು ಮಾತು ಹೇಳಿ ಕಳಿಸಿ: ಸಂಬಳ ಎಷ್ಟೆಂದು ಕೇಳುವ ಮೊದಲು, ಪುಸ್ತಕದಲ್ಲಿ ಏನೆಂದು ಬರೆದುಕೊಳ್ಳುತ್ತೀರಿ ಅಂತ ಕೇಳಲಿ.